ಒಂದು ಎಕರೆಯ ಬಡಾವಣೆ ಪಾರ್ಕಿಗೆ ನಡಿಗೆ ಪಥ, ಆಟದ ಜಾಗ ಬೇಕು. ಮರ, ಮಣ್ಣು, ನೀರು ಕೆಡದಂತೆ ಯೋಜಿಸುವುದು ಹೇಗೆ?

ನಕ್ಷೆ ಬರೆಯುವ ಮೊದಲು ಜೋರು ಮಳೆಯಲ್ಲೊಮ್ಮೆ ಪಾರ್ಕಿಗೆ ಹೋಗಿ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಯಿಂದ ಚರಂಡಿ ಸೇರುತ್ತದೆ ಎಂದು ಗುರುತು ಹಾಕಿಕೊಳ್ಳಿ. ಒಂದು ಎಕರೆಗೆ 20 ಮಿ.ಮೀ. ಮಳೆ ಬಿದ್ದರೆ ಸುಮಾರು 80,000 ಲೀಟರ್ ನೀರು. ಇದನ್ನು ನೆಲಕ್ಕಿಳಿಸುವ ಇಂಗುಗುಂಡಿಗೆ ನೀರು ನಿಲ್ಲುವ ಆ ತಗ್ಗೇ ಸರಿಯಾದ ಜಾಗ. ಗುಂಡಿಯ ಮುಂದೆ ಹೂಳು ತಡೆಯುವ ಸಣ್ಣ ತೊಟ್ಟಿ ಇರಲಿ, ಇಲ್ಲದಿದ್ದರೆ ಮಣ್ಣು ತುಂಬಿ ಇಂಗುವುದೇ ನಿಲ್ಲುತ್ತದೆ.

ಹೆಚ್ಚು ಕೆಡುವುದು ಮರದ ಬುಡದಲ್ಲಿ. ನೀರು ಹೀರುವ ಬೇರುಗಳು ಬಹುಪಾಲು ಮೇಲಿನ ಎರಡಡಿ ಮಣ್ಣಿನಲ್ಲೇ ಹರಡಿರುತ್ತವೆ. ಬುಡಕ್ಕೆ ಕಟ್ಟೆ ಕಟ್ಟಿ ಒಂದಡಿ ಮಣ್ಣೇರಿಸಿದರೂ ಬೇರಿಗೆ ಗಾಳಿ ಸಾಲದೆ ಮರ ನಿಧಾನವಾಗಿ ಒಣಗುತ್ತದೆ. ಅಷ್ಟರಲ್ಲಿ ಗುತ್ತಿಗೆದಾರರ ಬಿಲ್ ಪಾಸಾಗಿ ವರ್ಷಗಳಾಗಿರುತ್ತವೆ! ಕಾಂಡದ ವ್ಯಾಸದ 12 ಪಟ್ಟು ದೂರದೊಳಗೆ ಅಗೆಯಬೇಡಿ. ಅಂದರೆ ಒಂದಡಿ ದಪ್ಪದ ಮರಕ್ಕೆ 12 ಅಡಿ. ಜಾಗ ಸಾಲದ ಕಡೆ ಪಥವನ್ನು ಬರೀ ಮಣ್ಣಿನ ದಾರಿಯಾಗಿ ಬಿಡಿ. ಪೈಪು, ದೀಪದ ಕೇಬಲ್‌ಗೂ ಇದೇ ನಿಯಮ.

ಮರ ಕಡಿಯಲೇಬೇಕಾದರೆ ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು.

ಹುಲ್ಲುಹಾಸು ಆಟದ ಜಾಗಕ್ಕಷ್ಟೇ ಸಾಕು. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಕುಡಿಯುತ್ತದೆ ಅದು. ಉಳಿದ ಕಡೆ ತರಗೆಲೆಯನ್ನು ಮೂರು ಇಂಚು ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ, ತೇವಕ್ಕೆ ತೊಗಟೆ ಕೊಳೆಯುತ್ತದೆ. ಮಿಕ್ಕ ಎಲೆ ಗೊಬ್ಬರದ ಗುಂಡಿಗೆ.