ಇಆರ್‌ಆರ್ ಆಲ್ಫಾ ಆಂಟಿಬಾಡಿ ಹಾಕಿದ್ರ 66ರಾಗ ಬ್ಯಾಂಡ್ ಬರವಲ್ದು, ಆಂಟಿಬಾಡಿ ಕೆಟ್ಟೈತೇನು?
ಕೆಟ್ಟಿರಲಿಕ್ಕಿಲ್ಲ ರೀ, ಗಾಬ್ರಿ ಆಗಬ್ಯಾಡ್ರಿ. ನೀವು ಹೇಳಿದ್ದು ಇಷ್ಟು: ಮೌಸ್ ಮೋನೋಕ್ಲೋನಲ್ (ಒಂದೇ ಸೆಲ್ಲಿನ ಸಂತಾನದಿಂದ ಬಂದ ಆಂಟಿಬಾಡಿ) ತರಿಸೀರಿ, ಮೌಸ್ ಹಾರ್ಟ್ ಲೈಸೇಟ್ (ಸೆಲ್ಲು ಒಡೆದು ತೆಗೆದ ರಸ) ಮ್ಯಾಲೆ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನ ತೂಕದ ಪ್ರಕಾರ ಬ್ಯಾರೆ ಮಾಡಿ ಆಂಟಿಬಾಡಿಲೆ ಹುಡುಕೋ ಪರೀಕ್ಷೆ) ಮಾಡೀರಿ, 66 ಕಿಲೋಡಾಲ್ಟನ್‌ನಾಗ (ಪ್ರೋಟೀನ್ ತೂಕದ ಅಳತೆ) ಏನೂ ಇಲ್ಲ, 50ರ ಹಂತೇಕ ದಪ್ಪ ಕರಿ ಬ್ಯಾಂಡ್ ಬಂದೈತಿ.

66 ಅನ್ನೋದು ಈಸ್ಟ್ರೋಜನ್ ರಿಸೆಪ್ಟರ್ ಆಲ್ಫಾದ ತೂಕ, ಅದು 595 ಅಮೈನೋ ಆಸಿಡ್‌ನ ಪ್ರೋಟೀನು. ನಿಮ್ದು ಈಸ್ಟ್ರೋಜನ್ ರಿಲೇಟೆಡ್ ರಿಸೆಪ್ಟರ್ ಆಲ್ಫಾ, ಅದೇ ಇಆರ್‌ಆರ್ ಆಲ್ಫಾ, 423 ಅಮೈನೋ ಆಸಿಡ್, ಲೆಕ್ಕಕ್ಕ 46ರ ಆಸುಪಾಸು, ಜೆಲ್‌ನಾಗ 50ರ ಹತ್ರ ಬರ್ತೈತಿ. 1988ರಾಗ ಇದರ ಜೀನ್ ಸಿಕ್ಕಾಗ ಡಿಎನ್‌ಎ ಹಿಡಿಯೋ ಭಾಗ ಈಸ್ಟ್ರೋಜನ್ ರಿಸೆಪ್ಟರ್‌ಗೆ ಭಾಳ ಹೋಲ್ತಿತ್ತು ಅಂತ ಈ ಹೆಸರು ಬಂತು, ಖರೇ ಅಂದ್ರ ಈಸ್ಟ್ರೋಜನ್ ಇದಕ್ಕ ಅಂಟೂದೇ ಇಲ್ಲ. ಇದರ ಕೆಲಸ ಮೈಟೊಕಾಂಡ್ರಿಯಾದ ಕಡೆ, ಅದಕ್ಕ ಹಾರ್ಟ್, ಕಿಡ್ನಿಯಾಗ ಜಾಸ್ತಿ ಇರ್ತೈತಿ.

ಹಂಗಂತ ಆ 50ರ ಬ್ಯಾಂಡ್ ಇದರದ್ದೇ ಅಂತ ಈಗಲೇ ಬರ್ಕೋಬ್ಯಾಡ್ರಿ. 1975ರಾಗ ಕೋಹ್ಲರ್, ಮಿಲ್‌ಸ್ಟೈನ್ ತೋರಿಸಿದ ಹೈಬ್ರಿಡೋಮಾ ದಾರ್ಯಾಗ ಮೌಸ್‌ನ ಬಿ ಸೆಲ್ಲು ಮೈಲೋಮಾ ಸೆಲ್ಲು ಕೂಡಿಸಿ ಮಾಡಿದ ಆಂಟಿಬಾಡಿ ನಿಮ್ದು, ಅಂದ್ರ ಮೌಸ್ ಐಜಿಜಿನ (ರಕ್ತದಾಗ ಜಾಸ್ತಿ ಇರೋ ಆಂಟಿಬಾಡಿ ಜಾತಿ), ಇದು ಪ್ರೈಮರಿ, ಅಂದ್ರ ಮೊದಲ ಆಂಟಿಬಾಡಿ, ಅದನ್ನ ಹಿಡಿಯಾಕ ಆಂಟಿ-ಮೌಸ್ ಸೆಕೆಂಡರಿ, ಅಂದ್ರ ಎರಡನೇ ಆಂಟಿಬಾಡಿ ಹಾಕ್ತೀರಿ, ಆದ್ರ ಹಾರ್ಟ್ ಟಿಶ್ಯೂದಾಗ ರಕ್ತ ಉಳಿದಿರ್ತೈತಿ ನೋಡ್ರಿ, ಆ ರಕ್ತದಾಗ ಮೌಸ್‌ನ ಸ್ವಂತ ಐಜಿಜಿನೂ ಇರ್ತೈತಿ, ಸೆಕೆಂಡರಿ ಅದನ್ನೂ ಹಿಡಿತೈತಿ. ಐಜಿಜಿ ಜೆಲ್‌ನಾಗ ಎರಡು ತುಂಡಾಗ್ತೈತಿ, ಅದರ ಹೆವಿ ಚೈನ್ ಸರಿಯಾಗಿ 50ಕ್ಕ ಬಂದು ಕುಂದ್ರತೈತಿ, ಲೈಟ್ ಚೈನ್ 25ಕ್ಕ. 25ರಾಗ ಮಸುಕಾಗಿ ಏನರ ಐತೇನು ಒಮ್ಮೆ ನೋಡ್ರಿ.

ನಾ ಧಾರವಾಡದಾಗ ಪಿಎಚ್‌ಡಿ ಮಾಡೋ ಮುಂದ ಇದೇ ಬ್ಯಾಂಡ್ ನಂಬಿ 3 ತಿಂಗಳು ಕಳೆದೆ. ಒಬ್ರು ಸೀನಿಯರ್ ಅಕ್ಕ ಬಂದು, ಮೆಂಬ್ರೇನ್ ನಡುವ ಕತ್ತರಿಸು, ಒಂದಕ್ಕ ಪ್ರೈಮರಿ ಹಾಕಬ್ಯಾಡ ಅಂದ್ರು. ಡೆವಲಪ್ ಮಾಡಿ ಎರಡೂ ಪಟ್ಟಿ ಬಾಜೂಕ ಇಟ್ರ ಒಂದೇ ಥರ ಕರಿ, ಮೂಲ್ಯಾಗ ಪೆನ್ಸಿಲ್‌ಲೆ ಬರೆದ ಗುರುತಿನಿಂದಷ್ಟ ಯಾವುದು ಯಾವುದು ಅಂತ ಗೊತ್ತಾತು. ಅಂದ್ರ ಆ ಬ್ಯಾಂಡ್ ಬರೇ ಸೆಕೆಂಡರಿಯಿಂದ ಬಂದಿದ್ದು. ಅವತ್ತು ಊಟ ಸೇರಲಿಲ್ಲ ನನಗ.

ಅದಕ್ಕ ನಾಳೆ ಇದೊಂದ ಮಾಡ್ರಿ ಮೊದ್ಲ, ಪ್ರೈಮರಿ ಇಲ್ಲದ ಪಟ್ಟಿ. ಆಮ್ಯಾಲೆ ಮನುಷ್ಯರ ಸೆಲ್ ಲೈನ್ ಲೈಸೇಟ್ ಯಾರ ಹತ್ರರ ಇಸ್ಕೋರಿ, ಎಂಸಿಎಫ್-7 ಮತ್ತ ಎಂಡಿಎ-ಎಂಬಿ-231, ಎರಡೂ ಸ್ತನ ಕ್ಯಾನ್ಸರಿನ ಸೆಲ್ಲು. ಎರಡನೇದರಾಗ ಈಸ್ಟ್ರೋಜನ್ ರಿಸೆಪ್ಟರ್ ಆಲ್ಫಾ ಇಲ್ಲ, ಇಆರ್‌ಆರ್ ಆಲ್ಫಾ ಐತಿ, ಹಿಂಗಾಗಿ ನಿಮ್ಮ ಗೊಂದಲಕ್ಕ ಅದಕ್ಕಿಂತ ಚೊಲೋ ಸ್ಯಾಂಪಲ್ ಇಲ್ಲ, ಸೆಲ್‌ನಾಗ ಮೌಸ್ ರಕ್ತದ ತ್ರಾಸೂ ಇಲ್ಲ. ಸಾಧ್ಯ ಆದ್ರ ಎಸ್‌ಐಆರ್‌ಎನ್‌ಎ (ಜೀನಿನ ಕೆಲಸ ತಗ್ಗಿಸೋ ಸಣ್ಣ ಆರ್‌ಎನ್‌ಎ) ಹಾಕಿ ಜೀನ್ ಇಳಿಸಿ ಬ್ಯಾಂಡ್ ಕಮ್ಮಿ ಆಗ್ತೈತೇನು ನೋಡ್ರಿ, ಅದು ಗಟ್ಟಿ ಪುರಾವೆ. ಮೌಸ್ ಟಿಶ್ಯೂನ ಬೇಕಂದ್ರ, ಮೌಸ್ ಪ್ರೋಟೀನ್ ಹಿಡಿತೈತಿ ಅಂತ ಡೇಟಾಶೀಟ್‌ನಾಗ ಬರೆದಿರೋ ರ‍್ಯಾಬಿಟ್ ಮೋನೋಕ್ಲೋನಲ್ ತಗೋರಿ, ಅದಕ್ಕ ಆಂಟಿ-ರ‍್ಯಾಬಿಟ್ ಸೆಕೆಂಡರಿ ಸಾಕು, ಆಂಟಿ-ಮೌಸ್ ಬ್ಯಾಡ.

ಇನ್ನೊಂದು, ಆಂಟಿಬಾಡಿ ಟ್ಯೂಬ್ ತೆಗಿಯೋ ಮುನ್ನ ಸೆಂಟ್ರಿಫ್ಯೂಜ್‌ನಾಗ ಒಂದು ಸಣ್ಣ ಸ್ಪಿನ್ ಕೊಡ್ರಿ, ಮುಚ್ಚಳಕ್ಕ ಹನಿ ಅಂಟಿರ್ತೈತಿ. ಡೇಟಾಶೀಟ್ -20 ಡಿಗ್ರಿ ಅಂದಿದ್ರ ಸಣ್ಣ ಸಣ್ಣ ಪಾಲು ಮಾಡಿ ಇಡ್ರಿ, ಬ್ಯಾಸಿಗ್ಯಾಗ ಕರೆಂಟ್ ಹೋಗಿ ಬಂದು ಕರಗೂದು ಗಟ್ಟಿ ಆಗೂದು ನಡೆದ್ರ ಖರೇನ ಕೆಡ್ತೈತಿ.