ಅಮೆರಿಕದಲ್ಲಿ ಫೋನ್ ಚಾರ್ಜರ್ ನಡೆಯುತ್ತದೆ, ನಮ್ಮ ಮಿಕ್ಸಿ ಯಾಕೆ ನಡೆಯುವುದಿಲ್ಲ?

ನಮ್ಮ ಮಿಕ್ಸಿ ಇಲ್ಲಿನ 230 ವೋಲ್ಟ್‌ಗೆ ಮಾತ್ರ ಮಾಡಿದ್ದು. ಅಮೆರಿಕದ ಮನೆಗಳ ಪ್ಲಗ್‌ನಲ್ಲಿ ಬರುವುದು 120 ವೋಲ್ಟ್. ಫೋನ್ ಚಾರ್ಜರ್ ಎರಡಕ್ಕೂ ಹೊಂದಿಕೊಳ್ಳುತ್ತದೆ. ಟ್ರಾವೆಲ್ ಅಡಾಪ್ಟರ್ ಹಾಕಿದರೂ ಮಿಕ್ಸಿಗೆ ಪ್ರಯೋಜನವಿಲ್ಲ, ಅದು ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ.

ಚಾರ್ಜರ್ ಬಂದ ಎಸಿ (ದಿಕ್ಕು ಬದಲಿಸುತ್ತಲೇ ಇರುವ) ಕರೆಂಟನ್ನು ಮೊದಲು ಡಿಸಿ (ಒಂದೇ ದಿಕ್ಕಿನ ಕರೆಂಟ್) ಮಾಡಿಕೊಳ್ಳುತ್ತದೆ. ಆಮೇಲೆ ಒಳಗಿನ ಪುಟ್ಟ ಸ್ವಿಚ್ಚೊಂದು ಸೆಕೆಂಡಿಗೆ ಸಾವಿರಾರು ಬಾರಿ ಆನ್-ಆಫ್ ಆಗುತ್ತಾ ಫೋನಿಗೆ ಬೇಕಾದಷ್ಟೇ ವೋಲ್ಟ್ ಕೊಡುತ್ತದೆ. ಕಡಿಮೆ ಬಂದರೆ ಅದು ಹೆಚ್ಚು ಹೊತ್ತು ಆನ್ ಇರುತ್ತದೆ, ಜಾಸ್ತಿ ಬಂದರೆ ಕಡಿಮೆ ಹೊತ್ತು. ಚಾರ್ಜರ್ ಮೇಲೆ ಸಣ್ಣ ಅಕ್ಷರದಲ್ಲಿ 'ಇನ್‌ಪುಟ್ 100-240 ವೋಲ್ಟ್' ಎಂದಿರುತ್ತದೆ ಅಲ್ವಾ, ಅದರ ಅರ್ಥ ಇದೇ. ಹೊರಡುವ ಮುಂಚೆ ಪ್ರತಿ ಸಾಮಾನಿನ ಮೇಲೂ ಇದನ್ನು ಓದಿ.

ಮಿಕ್ಸಿಯ ಮೋಟಾರಿಗೆ ಈ ಅನುಕೂಲವಿಲ್ಲ. ಅರ್ಧ ವೋಲ್ಟೇಜಿಗೆ ನಿಧಾನವಾಗಿ ತಿರುಗುತ್ತದೆ. ನೆನೆಸಿದ ಅಕ್ಕಿ ಹಾಕಿದರೆ ಸಿಕ್ಕಿಕೊಂಡು, ಬಿಸಿಯಾಗಿ ಹಾಳಾಗಬಹುದು. ಅಲ್ಲಿಂದ ತಂದ 120 ವೋಲ್ಟಿನ ಹೇರ್ ಡ್ರೈಯರನ್ನು ಇಲ್ಲಿ ಹಾಕುವುದು ಇನ್ನೂ ಅಪಾಯ: ವೋಲ್ಟೇಜ್ ಎರಡು ಪಟ್ಟಾದರೆ ಶಾಖ ಸುಮಾರು ನಾಲ್ಕು ಪಟ್ಟಾಗುತ್ತದೆ. ಸುಮ್ನೆ ನೋಡೋಣ ಅಂತಲೂ ಹಾಕಬೇಡಿ.

ವೋಲ್ಟೇಜ್ ಏರಿಸುವ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ಆದರೆ 750 ವ್ಯಾಟಿನ ಮಿಕ್ಸಿಗೆ ಬೇಕಾಗುವಂಥದ್ದು ಬಹಳ ಭಾರ. ಅಮೆರಿಕದ ವೋಲ್ಟೇಜಿಗೆಂದೇ ಮಾಡಿದ ಭಾರತೀಯ ಮಿಕ್ಸಿಗಳಿವೆ, ಅದನ್ನೇ ಕೊಳ್ಳಿ.