ನೀವು ಕೇಳಿದ್ದೀರಿ: ಪ್ರಾಣಿಶಾಸ್ತ್ರದ ಪ್ರೊಫೆಸರ್ ಗವರ್ನರ್ ಆದದ್ದು

ಪ್ರಶ್ನೆ: ಅಮೆರಿಕದ ಡಿಕ್ಸಿ ಲೀ ರೇ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದವರು, ಆಮೇಲೆ ಗವರ್ನರ್ ಆದರು ಎಂದು ಓದಿದೆ. ಗವರ್ನರ್ ಎಂದರೆ ನೇಮಕದ ಹುದ್ದೆ ತಾನೆ? (ಶಿರಸಿಯ ಓದುಗರು)

ಉತ್ತರ: ಹೆಸರು ಒಂದೇ, ಹುದ್ದೆ ಬೇರೆ. ಅಲ್ಲಿನ ಗವರ್ನರನ್ನು ಇಡೀ ರಾಜ್ಯದ ಮತದಾರರೇ ಆರಿಸುತ್ತಾರೆ. ಅಧಿಕಾರ ನೋಡಿದರೆ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಮೊದಲು ಪ್ರೈಮರಿಯಲ್ಲಿ ಸ್ವಪಕ್ಷದವರನ್ನು ಮಣಿಸಬೇಕು, ಆಮೇಲೆ ಎದುರು ಪಕ್ಷವನ್ನು. ಪೆಸಿಫಿಕ್ ತೀರದ ವಾಷಿಂಗ್ಟನ್ ರಾಜ್ಯದಲ್ಲಿ 1976ರಲ್ಲಿ ರೇ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಸಿಯಾಟಲ್ ಮೇಯರ್ ವೆಸ್ ಉಲ್ಮನ್ ಅವರನ್ನು ಅಲ್ಪ ಅಂತರದಿಂದ ಸೋಲಿಸಿದರು. ಬಳಿಕ ರಿಪಬ್ಲಿಕನ್ ಪಕ್ಷದ ಜಾನ್ ಸ್ಪೆಲ್‌ಮನ್ ಎದುರು ಸುಮಾರು ಶೇ 53 ಮತ ಪಡೆದರು. ಆ ರಾಜ್ಯದ ಮೊದಲ ಮಹಿಳಾ ಗವರ್ನರ್ ಅವರೇ. ವಯಸ್ಸು 62.

ಪ್ರಶ್ನೆ: ಅವರ ಸಂಶೋಧನೆ ಯಾವುದರ ಬಗ್ಗೆ?

ಉತ್ತರ: 1945ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದದ್ದು ಆಳಸಮುದ್ರದ ಮೀನೊಂದರ ನರಮಂಡಲದ ಮೇಲೆ. ಅದೇ ವರ್ಷ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದ ಮೇಲೆ ಅವರ ಗಮನ ಹರಿದದ್ದು ಲಿಮ್ನೋರಿಯಾದ ಕಡೆಗೆ. ಸಿಗಡಿಯ ದೂರದ ನೆಂಟ, ಉದ್ದ 3-4 ಮಿ.ಮೀ. ಬಂದರುಗಳಲ್ಲಿ ನೀರಿಗೆ ಇಳಿಸಿದ ಮರದ ಕಂಬಗಳೇ ಇದರ ಊಟ. ಇದೇ ಕಸುಬಿನ ಇನ್ನೊಂದು ಜೀವಿ ಟೆರೆಡೋ ಮರದ ಒಳಗೆ ಸುರಂಗ ಕೊರೆಯುತ್ತದೆ, ಹೊರಗೆ ನೋಡಿದರೆ ಕಂಬ ಗಟ್ಟಿಯಾಗಿಯೇ ಕಾಣುತ್ತದೆ. ಲಿಮ್ನೋರಿಯಾ ಹಾಗಲ್ಲ, ಮೇಲ್ಮೈಯಿಂದಲೇ ಕೆರೆದು ತಿನ್ನುತ್ತದೆ. ಉಬ್ಬರ-ಇಳಿತದ ಮಟ್ಟದಲ್ಲಿ ಕಂಬ ಸವೆದು ಡಮರುಗದ ನಡುವಿನಂತೆ ಸಣ್ಣಗಾಗುತ್ತದೆ. ಹುಳ ಹಿಡಿಯದಿರಲೆಂದು ಕ್ರಿಯೋಸೋಟ್ ಎಣ್ಣೆ ಕುಡಿಸಿದ ಕಂಬವನ್ನೂ ಇದರ ಒಂದು ಪ್ರಭೇದ ಬಿಡುವುದಿಲ್ಲ.

ಗೆದ್ದಲುಗಳು ಮರವನ್ನು ಜೀರ್ಣಿಸಿಕೊಳ್ಳಲು ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ನೆರವು ಪಡೆಯುತ್ತವೆ. ಲಿಮ್ನೋರಿಯಾದ ಕರುಳಿನಲ್ಲಿ ಅಂಥವು ನೆಲೆಸಿರುವುದಿಲ್ಲ. ಹಾಗಿದ್ದೂ ಮರದ ಮುಖ್ಯ ಅಂಶವಾದ ಸೆಲ್ಯುಲೋಸ್ ಒಡೆಯುವ ಕಿಣ್ವ ಅದರಲ್ಲಿದೆ ಎಂದು ರೇ ಮತ್ತು ಸಹೋದ್ಯೋಗಿ 1952ರಲ್ಲಿ ವರದಿ ಮಾಡಿದರು. ಅವರ ಬದುಕಿನ ಗಟ್ಟಿ ಸಾಧನೆ ಯಾವುದೆಂದರೆ, ರಾಜಕೀಯಕ್ಕಿಂತ ನಾವು ಇದನ್ನೇ ಮೊದಲು ಹೇಳುತ್ತೇವೆ.

ಪ್ರಶ್ನೆ: ತರಗತಿಯಿಂದ ನೇರ ಚುನಾವಣೆಗೆ ಹಾರಿದರೇ?

ಉತ್ತರ: ಇಲ್ಲ. ಟಿವಿಯಲ್ಲಿ ಕಡಲಜೀವಿಗಳ ಪಾಠ ಮಾಡಿ ಜನರಿಗೆ ಪರಿಚಿತರಾದರು. 1963ರಿಂದ ಸಿಯಾಟಲ್‌ನ ಪೆಸಿಫಿಕ್ ಸೈನ್ಸ್ ಸೆಂಟರ್ ನಡೆಸಿದರು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಇವರನ್ನು ಪರಮಾಣು ಶಕ್ತಿ ಆಯೋಗಕ್ಕೆ ನೇಮಿಸಿದರು, ಮರುವರ್ಷ ಆಯೋಗದ ಮುಖ್ಯಸ್ಥರಾದರು. ರಿಯಾಕ್ಟರ್ ಕಟ್ಟುವವರ ಕೈಯಲ್ಲೇ ಇದ್ದ ಸುರಕ್ಷತಾ ಸಂಶೋಧನೆಯನ್ನು ಪ್ರತ್ಯೇಕ ವಿಭಾಗ ಮಾಡಿದ್ದು ಅಲ್ಲಿನ ಮುಖ್ಯ ಕೆಲಸ. ಎರಡು ನಾಯಿಗಳ ಜತೆ ಮೋಟಾರ್ ಮನೆಯಲ್ಲಿ (ಮನೆಯಂತೆ ಸಜ್ಜಾದ ವಾಹನ) ವಾಸವಿದ್ದುದು ಪತ್ರಿಕೆಗಳಿಗೆ ಹಬ್ಬವಾಯಿತು. 1975ರಲ್ಲಿ ವಿದೇಶಾಂಗ ಇಲಾಖೆಗೆ ಹೋದರು. ವಿದೇಶಾಂಗ ಸಚಿವ ಕಿಸಿಂಜರ್ ತಮ್ಮನ್ನು ಯಾವುದಕ್ಕೂ ಕೇಳುವುದಿಲ್ಲವೆಂದು ದೂರಿ ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು.

ಪ್ರಶ್ನೆ: ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯ ಸಾವುಗಳಿಗೆ ಅವರೇ ಹೊಣೆ ಎನ್ನುತ್ತಾರೆ. ನಿಜವೇ?

ಉತ್ತರ: ಪೂರ್ತಿ ಅವರದೇ ಎನ್ನಲಾಗದು, ಪೂರ್ತಿ ಬಿಡಲೂ ಆಗದು. ರೇ ಗವರ್ನರ್ ಆಗಿದ್ದಾಗ, 1980ರ ಮಾರ್ಚ್‌ನಿಂದ, ಅವರ ರಾಜ್ಯದ ಈ ಬೆಟ್ಟ ಅಲುಗಾಡುತ್ತಿತ್ತು. ಉತ್ತರದ ಮೈ ದಿನಕ್ಕೆ ಒಂದೂವರೆ ಮೀಟರ್‌ಗೂ ಹೆಚ್ಚು ಉಬ್ಬುತ್ತಿತ್ತು. ಏಪ್ರಿಲ್ 30ರಂದು ರೇ ಜನರ ಪ್ರವೇಶ ನಿರ್ಬಂಧಿಸುವ ಕೆಂಪು (ಹೆಚ್ಚು ಕಟ್ಟುನಿಟ್ಟು) ಮತ್ತು ನೀಲಿ ವಲಯಗಳನ್ನು ಘೋಷಿಸಿದರು. ಎಡವಿದ್ದು ಗಡಿಯಲ್ಲಿ: ಪಶ್ಚಿಮ ಮತ್ತು ವಾಯವ್ಯದಲ್ಲಿ ಅದು ಅಪಾಯದ ಅಳತೆಯನ್ನಲ್ಲ, ಮರದ ಕಂಪನಿಯೊಂದರ ಜಮೀನಿನ ಗಡಿಯನ್ನು ಅನುಸರಿಸಿತ್ತು. ವಲಯ ಹಿಗ್ಗಿಸುವ ಪ್ರಸ್ತಾವ ಸಹಿಗೆ ಕಾದಿದ್ದಾಗ ವಾರಾಂತ್ಯ ಬಂತು. ಮೇ 18ರ ಭಾನುವಾರ ಬೆಳಗ್ಗೆ 8.32ಕ್ಕೆ ಭೂಕಂಪದಿಂದ ಉಬ್ಬಿದ ಮೈ ಜಾರಿತು. ಒಳಗಿನ ಒತ್ತಡ ಮೇಲಕ್ಕಲ್ಲ, ಪಕ್ಕಕ್ಕೆ ಸ್ಫೋಟಿಸಿ ಸುಮಾರು 600 ಚದರ ಕಿ.ಮೀ. ಕಾಡನ್ನು ನೆಲಕ್ಕೊರಗಿಸಿತು. ಸತ್ತ 57 ಮಂದಿಯಲ್ಲಿ ಹೆಚ್ಚಿನವರು ಕೆಂಪು ವಲಯದ ಹೊರಗಿದ್ದವರು. ಪಕ್ಕಕ್ಕೆ ಇಷ್ಟು ದೂರ ಹೊಡೆಯುತ್ತದೆಂದು ಭೂವಿಜ್ಞಾನಿಗಳೂ ಅಂದಾಜಿಸಿರಲಿಲ್ಲ. ಆದರೆ ಸರ್ಕಾರದ ಹೇಳಿಕೆಗಳು ಸತ್ತವರು ನಿಯಮ ಮುರಿದರೆಂಬ ಭಾವನೆ ಮೂಡಿಸಿದವು. ಬಹುಪಾಲು ಮಂದಿಯ ವಿಷಯದಲ್ಲಿ ಅದು ತಪ್ಪು.

ಪ್ರಶ್ನೆ: ಒಂದೇ ಅವಧಿಗೆ ಸೋತದ್ದೇಕೆ?

ಉತ್ತರ: ಕಡಲಜೀವಿಗಳ ತಜ್ಞೆಯೇ ಪ್ಯೂಜೆಟ್ ಸೌಂಡ್ ಕೊಲ್ಲಿಗೆ ದೈತ್ಯ ತೈಲ ಹಡಗುಗಳು ಬರಲಿ ಎಂದಾಗ ಪರಿಸರವಾದಿಗಳು ತಿರುಗಿಬಿದ್ದರು. ಸ್ವಪಕ್ಷದ ಸೆನೆಟರ್ ಮ್ಯಾಗ್ನುಸನ್ 1977ರಲ್ಲಿ ಫೆಡರಲ್ ಕಾನೂನಿಗೆ ತಿದ್ದುಪಡಿ ತಂದು ಆ ಬಾಗಿಲು ಮುಚ್ಚಿದರು. ತಮಾಷೆಯೆಂದರೆ, ಹಡಗಿನ ಗಾತ್ರಕ್ಕೆ ರಾಜ್ಯ ಹೇರಿದ್ದ 1,25,000 ಟನ್ ಮಿತಿಯನ್ನು ಸುಪ್ರೀಂ ಕೋರ್ಟ್ 1978ರಲ್ಲಿ ರದ್ದು ಮಾಡಿದ ಮೊಕದ್ದಮೆಯಲ್ಲಿ ಮಿತಿಯ ಪರ ಪಕ್ಷಕಾರರಾಗಿ ದಾಖಲಾಗಿರುವುದು ಗವರ್ನರ್ ರೇ ಹೆಸರು! ಪತ್ರಕರ್ತರ ಜತೆಗೂ ಜಗಳ: ಫಾಕ್ಸ್ ದ್ವೀಪದ ತೋಟದಲ್ಲಿ ಸಾಕಿದ ಹಂದಿಗಳಿಗೆ ವರದಿಗಾರರ ಹೆಸರಿಟ್ಟರು. 1980ರ ಪ್ರೈಮರಿಯಲ್ಲಿ ಮನೋವೈದ್ಯ ಜಿಮ್ ಮ್ಯಾಕ್‌ಡರ್ಮಟ್ ಅವರಿಗೆ ಸೋತರು. ಆತ ಸೋತದ್ದು ಸ್ಪೆಲ್‌ಮನ್‌ಗೆ, ನಾಲ್ಕು ವರ್ಷ ಹಿಂದೆ ರೇ ಸೋಲಿಸಿದ್ದವರಿಗೇ.